ಮನೆಯ ವಿಚಾರವನ್ನು ನೀವೇ ಮೊದಲು ಕೇಳಿ

ಕೇಳುಗರಿಗೆ ನಮಸ್ಕಾರ.

ಈ ಮಾತುಗಳನ್ನು ಬರೆದುಕೊಳ್ಳುವಾಗ ನನ್ನ ಕಣ್ಣ ಮುಂದೆ ಇದ್ದವರು, ಕೈಕೆಳಗೆ ನಾಲ್ಕು ಜನರನ್ನೋ ನಲವತ್ತು ಜನರನ್ನೋ ಇಟ್ಟುಕೊಂಡು ಕೆಲಸ ಮಾಡಿಸುವವರು. ನೀವು ಗೇರುಬೀಜ ಕಾರ್ಖಾನೆಯ ಮೇಲ್ವಿಚಾರಕರಿರಬಹುದು, ಬ್ಯಾಂಕ್ ಶಾಖೆಯ ಮ್ಯಾನೇಜರ್ ಇರಬಹುದು, ಆಸ್ಪತ್ರೆಯ ವಾರ್ಡಿನಲ್ಲಿ ಡ್ಯೂಟಿ ಪಟ್ಟಿ ಬರೆಯುವ ಹಿರಿಯ ನರ್ಸ್ ಇರಬಹುದು. ನಿಮಗೆ ನಾನು ಹೇಳಬೇಕಾದದ್ದು ಒಂದೇ ಮಾತು. ನಿಮ್ಮ ಕೆಲಸಗಾರರ ಮನೆಯ ವಿಚಾರವನ್ನು ನೀವೇ ಮೊದಲು ಕೇಳಿ. ಅವರು ಬಂದು ಬೇಡಿಕೊಳ್ಳುವವರೆಗೆ ಕಾಯಬೇಡಿ.

ಮೂವತ್ತು ವರ್ಷ ಕಾರ್ಖಾನೆಗಳ ಸಿಬ್ಬಂದಿ ವಿಭಾಗದಲ್ಲಿ ದುಡಿದವಳು ನಾನು. ಮಂಗಳೂರಿನ ಬೈಕಂಪಾಡಿಯ ಕಡೆ ಒಂದು ಕಾರ್ಖಾನೆಯಲ್ಲಿ ಒಂದೇ ಮಾಡಿನ ಕೆಳಗೆ ಎರಡು ಪ್ಯಾಕಿಂಗ್ ವಿಭಾಗಗಳಿದ್ದವು. ಒಂದೇ ಕೆಲಸ, ಒಂದೇ ಸಂಬಳ. ಮೇಲ್ವಿಚಾರಕರು ಮಾತ್ರ ಬೇರೆ ಬೇರೆ.

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಮಳೆ ಹೊಡೆದಿತ್ತು. ಆರೂವರೆಯ ಹೊತ್ತಿಗೆ ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರಿದರು. ಕರಾವಳಿಯ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಕ್ಕಳು ಕುಣಿಯುತ್ತಾರೆ, ಬುತ್ತಿ ಕಟ್ಟಿಟ್ಟ ತಾಯಿ ಅಡುಗೆಮನೆಯಲ್ಲೇ ಕುಳಿತುಬಿಡುತ್ತಾಳೆ. ಮೊದಲನೆಯ ವಿಭಾಗದ ಒಬ್ಬಾಕೆಯ ಗಂಡ ದುಬೈಯಲ್ಲಿ, ಅತ್ತೆ ಹಾಸಿಗೆ ಹಿಡಿದವರು, ಮಗ ಎರಡನೆಯ ತರಗತಿ. ಆಕೆ ಫೋನ್ ಮಾಡಿ ತನಗೆ ಜ್ವರ ಎಂದು ಹೇಳಿದಳು. ಅದೇ ವಿಭಾಗದ ಇನ್ನಿಬ್ಬರಿಗೂ ಅದೇ ದಿನ ಜ್ವರ! ಮೇಲ್ವಿಚಾರಕರು ಸಿಟ್ಟಿನಿಂದ ನನ್ನ ಮೇಜಿನ ಬಳಿಗೆ ಬಂದು, "ಮೂವರಿಗೂ ನೋಟಿಸ್ ಕೊಡಿ" ಎಂದರು.

ಮರುದಿನ ಆಕೆಯನ್ನು ಕರೆದು ಕೇಳಿದೆ. ಹಿಂದಿನ ವರ್ಷ ನಿಜವಾದ ಕಾರಣವನ್ನೇ ಹೇಳಿದ್ದಳಂತೆ. "ನಿನ್ನ ಮಗನನ್ನು ನೋಡಿಕೊಳ್ಳುವುದಕ್ಕೆ ನಾವು ಕಾರ್ಖಾನೆ ನಡೆಸುವುದಾ?" ಎಂಬ ಉತ್ತರ ಬಂದಿತ್ತು. "ಮೇಡಂ, ಸುಳ್ಳು ಹೇಳಿ ಹೇಳಿ ನನಗೆ ನಿಜವಾಗಿಯೂ ಜ್ವರ ಬರುವ ಹಾಗಾಗಿದೆ" ಎಂದು ಅತ್ತಳು.

ಈಗ ಪಕ್ಕದ ವಿಭಾಗ. ಅಲ್ಲಿಯ ಮೇಲ್ವಿಚಾರಕರ ಬಳಿ ಇನ್ನೂರು ಪುಟಗಳ ಒಂದು ನೋಟ್ ಪುಸ್ತಕವಿತ್ತು. ಪ್ರತಿ ವರ್ಷ ಮೇ ಕೊನೆಯ ವಾರ, ಶಾಲೆ ತೆರೆಯುವ ಮೊದಲು, ಚಹಾದ ಹೊತ್ತಿನಲ್ಲಿ ಒಬ್ಬೊಬ್ಬರನ್ನೇ ಕೇಳಿ ಬರೆದುಕೊಳ್ಳುತ್ತಿದ್ದರು. ಯಾರ ಮಕ್ಕಳು ಯಾವ ತರಗತಿ, ಮನೆಯಲ್ಲಿ ಅಜ್ಜಿ ಇದ್ದಾರೆಯೇ, ಯಾರ ಮನೆ ಕುಳಾಯಿ, ಪಣಂಬೂರಿನಂತಹ ಹತ್ತಿರದ ಜಾಗದಲ್ಲಿದೆ, ಯಾರು ಕಿನ್ನಿಗೋಳಿಯಿಂದ ಬಸ್ಸು ಹಿಡಿದು ಬರಬೇಕು, ವಾರದ ರಜೆಯನ್ನು ಅದಲು ಬದಲು ಮಾಡಿಕೊಳ್ಳಲು ಯಾರು ಒಪ್ಪುತ್ತಾರೆ, ಎಲ್ಲವೂ ಅದರಲ್ಲಿತ್ತು. ಅಂದು ಬೆಳಿಗ್ಗೆ ಶಾಲೆಗೆ ರಜೆ ಎಂದು ತಿಳಿದ ಕೂಡಲೇ ಅವರು ಪುಸ್ತಕ ತೆರೆದು ನಾಲ್ಕು ಫೋನ್ ಮಾಡಿದರು. ಇಬ್ಬರು ತಾಯಂದಿರು ಮನೆಯಲ್ಲಿ ಉಳಿದರು, ವಾರದ ರಜೆಯಲ್ಲಿದ್ದ ಇಬ್ಬರು ಕೆಲಸಕ್ಕೆ ಬಂದರು. ಒಂದು ಪೆಟ್ಟಿಗೆಯೂ ಬಾಕಿ ಉಳಿಯಲಿಲ್ಲ. ಯಾರಿಗೂ ಜ್ವರ ಬರಲಿಲ್ಲ.

ಅವರ ಇನ್ನೊಂದು ಗುಣವನ್ನೂ ಹೇಳಲೇಬೇಕು. ಅವರ ತಾಯಿಗೆ ಪ್ರತಿ ಗುರುವಾರ ಆಸ್ಪತ್ರೆಯಲ್ಲಿ ಚಿಕಿತ್ಸೆ ಇತ್ತು. ಆ ದಿನ ಐದು ಗಂಟೆಗೆ ಸರಿಯಾಗಿ, "ನಾನು ಅಮ್ಮನನ್ನು ಆಸ್ಪತ್ರೆಗೆ ಕರೆದೊಯ್ಯಬೇಕು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಹೊರಡುತ್ತಿದ್ದರು. ಕದ್ದು ಹೋಗುತ್ತಿರಲಿಲ್ಲ. ಮನೆಯ ಕಾರಣ ಹೇಳುವುದು ತಪ್ಪಲ್ಲ ಎಂದು ಇಡೀ ವಿಭಾಗಕ್ಕೆ ತಿಳಿದದ್ದು ಹಾಗೆ. ಮರುವರ್ಷ ಆ ಹೆಂಗಸನ್ನು ಅವರ ವಿಭಾಗಕ್ಕೆ ಹಾಕಿಸಿದೆ. ಆಕೆಯ ಜ್ವರದ ಫೋನ್ ಮತ್ತೆ ಬರಲಿಲ್ಲ.

ಈ ಕಥೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಅಮೆರಿಕದಲ್ಲಿ ಲಿಂಡಾ ಥಾಮಸ್ ಮತ್ತು ಡೇನಿಯಲ್ ಗ್ಯಾನ್‌ಸ್ಟರ್ ಎಂಬ ಸಂಶೋಧಕರು, ಮನೆಯಲ್ಲಿ ಮಕ್ಕಳಿರುವ 398 ಆರೋಗ್ಯ ಸಿಬ್ಬಂದಿಯನ್ನು ಅಧ್ಯಯನ ಮಾಡಿ 1995ರಲ್ಲಿ ಪ್ರಕಟಿಸಿದರು. ಬೆಂಬಲ ಕೊಡುವ ಮೇಲ್ವಿಚಾರಕರು ಇದ್ದಲ್ಲಿ, ಮನೆಯೂ ಕೆಲಸವೂ ತಮ್ಮ ಹಿಡಿತದಲ್ಲಿದೆ ಎಂಬ ಭಾವನೆ ಸಿಬ್ಬಂದಿಯಲ್ಲಿ ಹೆಚ್ಚಿತ್ತು. ಆ ಭಾವನೆ ಇದ್ದವರಲ್ಲಿ ಮನೆ ಮತ್ತು ಕೆಲಸದ ತಿಕ್ಕಾಟ ಕಡಿಮೆ, ಖಿನ್ನತೆ ಕಡಿಮೆ, ರಕ್ತದ ಕೊಲೆಸ್ಟರಾಲ್ ಕೂಡ ಕಡಿಮೆ. ಗಮನಿಸಿ, ಕೊಲೆಸ್ಟರಾಲ್! ನಿಮ್ಮ ಒಂದು ಮಾತು ಇನ್ನೊಬ್ಬರ ರಕ್ತದವರೆಗೆ ಹೋಗುತ್ತದೆ.

"ಸಡಿಲ ಬಿಟ್ಟರೆ ತಲೆಯ ಮೇಲೆ ಕುಳಿತುಕೊಳ್ಳುತ್ತಾರೆ" ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಈ ಮಾತನ್ನು ಬಿಡಿ. ನಾನು ಹೇಳಿದ ಎರಡು ವಿಭಾಗಗಳಲ್ಲಿ ಯಾವುದರಲ್ಲಿ ಕೆಲಸ ನಿಂತಿತು?

ಇನ್ನು ಕಾನೂನು. ನಮ್ಮ ದೇಶದ ಹೆರಿಗೆ ಸೌಲಭ್ಯ ಕಾಯ್ದೆಗೆ ಬಂದ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿತು. 50 ಅಥವಾ ಅದಕ್ಕಿಂತ ಹೆಚ್ಚು ಜನರು ದುಡಿಯುವಲ್ಲಿ ಶಿಶುಪಾಲನಾ ಕೇಂದ್ರ ಇರಬೇಕು, ತಾಯಿ ದಿನಕ್ಕೆ 4 ಸಲ ಹೋಗಿ ಮಗುವನ್ನು ನೋಡಬಹುದು ಎಂದೂ ಬಂತು. ಆದರೆ ನಾಲ್ಕನೆಯ ಸಲ ಎದ್ದಾಗ ಮೇಲ್ವಿಚಾರಕರು ಗೋಡೆಯ ಗಡಿಯಾರ ನೋಡಿದರೆ, ಮರುದಿನ ಆ ತಾಯಿ ಎರಡೇ ಸಲ ಏಳುತ್ತಾಳೆ. ಅದಕ್ಕೇ ಹೇಳುತ್ತಿದ್ದೇನೆ, ನೀವೇ ಮೊದಲು ಕೇಳಿ: "ಮಗುವನ್ನು ನೋಡಿ ಬಂದಿರಾ?"

ಗಂಡಸರನ್ನೂ ಕೇಳಿ. ಅಪ್ಪನಿಗೆ ಕಣ್ಣಿನ ಶಸ್ತ್ರಚಿಕಿತ್ಸೆ ಎಂದು ಹೇಳಲು ಅವರಿಗೂ ಸಂಕೋಚವಿರುತ್ತದೆ. ಕುಟುಂಬದ ಮನೆಯಲ್ಲಿ ದೈವಕ್ಕೆ ನಡೆಯುವ ನೇಮದ ದಿನ ಗೊತ್ತಾದ ಕೂಡಲೇ ತಿಳಿಸಲು ಹೇಳಿ, ಬರೆದಿಟ್ಟುಕೊಳ್ಳಿ. ನೇಮಕ್ಕೆ ಹೋಗದೆ ಯಾರೂ ಇರುವುದಿಲ್ಲ, ಅದು ನಿಮಗೂ ಗೊತ್ತು. ಇನ್ನೂರು ಪುಟದ ಪುಸ್ತಕ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ನಾಳೆ ಚಹಾದ ಹೊತ್ತಿಗೆ ಮೊದಲ ಪುಟ ಬರೆಯಿರಿ.

ನಮಸ್ಕಾರ.