ಖಾನಾವಳಿಯ ಕಣ್ಣಿನಿಂದ ಕೊರಿಯನ್ ಬಾರ್ಬೆಕ್ಯೂ

ಈ ಕತ್ತರಿಯನ್ನು ಸ್ವಲ್ಪ ಹೊತ್ತು ನೋಡಿ. ಇದು ದರ್ಜಿಯ ಅಂಗಡಿಯದಲ್ಲ, ಊಟದ ಮೇಜಿನ ಮೇಲಿನದು. ಅದನ್ನು ಅನುಮಾನದಿಂದ ದಿಟ್ಟಿಸುತ್ತಿರುವವಳು ನಮ್ಮ ಅವ್ವ. ಜನ್ಮದಲ್ಲಿ ಮಾಂಸ ಮುಟ್ಟದ ಅವ್ವ ವಿಜಯಪುರದಿಂದ ಬೆಂಗಳೂರಿಗೆ ಬಂದು ಕೊರಿಯನ್ ಬಾರ್ಬೆಕ್ಯೂ ಒಲೆಯ ಮುಂದೆ ಹೇಗೆ ಕೂತಳು ಎಂಬುದನ್ನು ಹೇಳಬೇಕಾದರೆ ಒಂದು ತಿಂಗಳು ಹಿಂದೆ ಹೋಗಬೇಕು.

ನಮಸ್ಕಾರ. ಇದು ನಮ್ಮ ಮನೆಯ ಮಾಳಿಗೆ. ಹಿಂದೆ ದೂರದಲ್ಲಿ ಕಾಣುತ್ತಿರುವುದು ಗೋಳಗುಮ್ಮಟ. ಮುಂದೆ ಮೊಬೈಲ್ ಹಿಡಿದು ಕುಕ್ಕರುಗಾಲಿನಲ್ಲಿ ಕೂತಿರುವವಳು ನನ್ನ ಅಣ್ಣನ ಮಗಳು. ಎರಡನೇ ಪಿಯುಸಿಯಲ್ಲಿ ಶೇ 90 ದಾಟಿದರೆ ಕೇಳಿದ್ದನ್ನು ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೆ. ದಾಟಿದಳು. ಮೊಬೈಲ್ ಕೇಳಬಹುದು, ಹೆಚ್ಚೆಂದರೆ ಸ್ಕೂಟಿ ಕೇಳಬಹುದು ಎಂದು ಲೆಕ್ಕ ಹಾಕಿಟ್ಟಿದ್ದೆ. ಅವಳು ಕೇಳಿದ್ದು ಸಾಮ್‌ಗ್ಯೊಪ್ಸಾಲ್.

"ಕಾಕಾ, ಅಂದರೆ ಮೂರು ಪದರದ ಮಾಂಸ. ಹಂದಿಯ ಹೊಟ್ಟೆಯ ಭಾಗ. ಕೊರಿಯಾದಲ್ಲಿ ಅದಕ್ಕೊಂದು ದಿನವೇ ಇದೆ, ಮಾರ್ಚ್ 3. ಮೂರನೇ ತಿಂಗಳು, ಮೂರನೇ ದಿನ, ಮೂರು ಪದರ!"

ಮೆಟ್ಟಿಲಲ್ಲಿ ಒಣಮೆಣಸಿನಕಾಯಿ ಮೊರ ಹಿಡಿದು ಬರುತ್ತಿದ್ದ ಅವ್ವ ಅಲ್ಲೇ ನಿಂತಳು. ನಮ್ಮ ಮನೆಯ ಒಲೆಗೆ ಮಾಂಸ ಹತ್ತುವುದಿಲ್ಲ. ನಾನೂ ಅಣ್ಣನೂ ಆಗಾಗ ಸಾವಜಿ ಖಾನಾವಳಿಯಲ್ಲಿ ಮುಗಿಸಿ ಬರುತ್ತೇವೆ; ಅವ್ವನಿಗೆ ಅದು ಗೊತ್ತು, ಗೊತ್ತಿಲ್ಲದವಳಂತೆ ಇರುತ್ತಾಳೆ. ಆದರೆ ಮೊಮ್ಮಗಳು ಮಾಳಿಗೆಯ ಮೇಲೆ ನಿಂತು ಓಣಿಗೆಲ್ಲ ಕೇಳುವಂತೆ ಹಂದಿಯ ಹೆಸರು ಹೇಳುವುದು ಬೇರೆಯೇ ಮಾತು. ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊರ ಕೆಳಗಿಟ್ಟು ಹೇಳಿದಳು: "ಹೇಗಿದ್ದರೂ ಇವಳ ಕಾಲೇಜಿನ ಪ್ರವೇಶಕ್ಕೆ ಬೆಂಗಳೂರಿಗೆ ಹೋಗಬೇಕಲ್ಲ. ನಾನೂ ಬರುತ್ತೇನೆ. ನೀವು ಏನು ತಿನ್ನುತ್ತೀರಿ ಎಂದು ಒಮ್ಮೆ ಕಣ್ಣಾರೆ ನೋಡಿಬಿಡುತ್ತೇನೆ."

ಅಲ್ಲಿಗೆ ಕೆಲಸ ಕಷ್ಟವಾಯಿತು. ಹಂದಿ ಬೇಕೆನ್ನುವ ಹುಡುಗಿ, ಕೋಳಿ ಬಿಟ್ಟು ಬೇರೇನೂ ತಿನ್ನದ ನನ್ನ ಬೆಂಗಳೂರಿನ ಗೆಳೆಯ, ಮಾಂಸ ತಾಗಿದ ಚಮಚವನ್ನೂ ಮುಟ್ಟದ ಅವ್ವ. ಈ ಮೂವರನ್ನೂ ಒಂದೇ ಒಲೆಯ ಸುತ್ತ ಕೂರಿಸುವ ಹೋಟೆಲು ಬೇಕು.

ಹುಡುಗಿ ಅಂತರ್ಜಾಲದಿಂದ ಹನ್ನೊಂದು ಹೆಸರುಗಳ ಪಟ್ಟಿ ತೆಗೆದಳು. ಅದರಲ್ಲಿ ನಾಲ್ಕನ್ನು ಆಗಲೇ ಹೊಡೆದುಹಾಕಿದೆವು. ಅವು ಮೇಜಿನ ನಡುವಿನ ಕೆಂಡಕ್ಕೆ ಕಬ್ಬಿಣದ ಕಡ್ಡಿಯಲ್ಲಿ ಪನೀರು, ಸಿಗಡಿ ಚುಚ್ಚಿ ತಂದಿಡುವ ಬಫೆಗಳು. ಹೆಸರಿನಲ್ಲಿ ಬಾರ್ಬೆಕ್ಯೂ ಇದೆ ನಿಜ, ಆದರೆ ಅಲ್ಲಿ ಅರ್ಧ ಬೆಂದ ತುಂಡು ಅಡುಗೆಮನೆಯಿಂದಲೇ ಬರುತ್ತದೆ. ಕೊರಿಯನ್ ಪದ್ಧತಿಯಲ್ಲಿ ಹಸಿ ಮಾಂಸವೇ ಮೇಜಿಗೆ ಬರಬೇಕು. ಸುಡುವುದು, ತಿರುವುವುದು, ಕತ್ತರಿಯಿಂದ ತುಂಡರಿಸುವುದು ಎಲ್ಲವೂ ಕಣ್ಣೆದುರೇ ನಡೆಯಬೇಕು. ಉಳಿದವುಗಳಲ್ಲಿ ನಾಲ್ಕು ಕಡೆ ಒಲೆಯೇ ಇರಲಿಲ್ಲ, ನೂಡಲ್ಸ್ ಮತ್ತು ಹುರಿದ ಕೋಳಿ ಮಾತ್ರ. ಉಳಿದದ್ದು ಮೂರು.

ಈ ಮೂರರಲ್ಲಿ ಒಂದನ್ನು ಆರಿಸಲು ಹುಡುಗಿ ಮಾಡಿದ ಉಪಾಯವನ್ನು ನಾನು ಮೆಚ್ಚಿದೆ. ಇಂಗ್ಲಿಷ್ ಅಭಿಪ್ರಾಯಗಳನ್ನೆಲ್ಲ ಬಿಟ್ಟು, ಕೊರಿಯನ್ ಲಿಪಿಯಲ್ಲಿ ಬರೆದವನ್ನು ಹುಡುಕಿದಳು. ಹಾಂಗುಲ್ ಲಿಪಿಯನ್ನು ಅವಳು ತಾನೇ ಕಲಿತಿದ್ದಾಳೆ. ಸೆಜೊಂಗ್ ರಾಜ 1446ರಲ್ಲಿ ಅದನ್ನು ಜನರಿಗೆ ಕೊಟ್ಟದ್ದೇ ಸಾಮಾನ್ಯರೂ ಬೇಗ ಕಲಿಯಲಿ ಎಂದು. ಅರ್ಥಕ್ಕೆ ಮೊಬೈಲಿನ ಅನುವಾದವಿದೆ, ಓದುವುದು ಮಾತ್ರ ಅವಳದೇ. ಬೆರಳಿಟ್ಟು ಕೂಡಿಸಿ ಓದುತ್ತಿದ್ದಳು: "ಬಾನ್‌... ಚಾನ್... ರಿ... ಪಿಲ್." ಬಾನ್‌ಚಾನ್ ಎಂದರೆ ಊಟದ ಜೊತೆ ಬರುವ ಪುಟ್ಟ ಪುಟ್ಟ ಪಲ್ಯಗಳು. ರಿಪಿಲ್ ಎಂದರೇನು? ಇಬ್ಬರೂ ಒಂದು ನಿಮಿಷ ತಲೆ ಕೆರೆದುಕೊಂಡೆವು. ಆಮೇಲೆ ಅವಳು ಬಿದ್ದು ಬಿದ್ದು ನಕ್ಕಳು. ಕೊರಿಯನ್ನರಿಗೆ ಫ ಇಲ್ಲ. ಅದು ನಮ್ಮ ಪೆನ್ನಿನ ರೀಫಿಲ್ಲೇ. ಬಟ್ಟಲು ಖಾಲಿಯಾದರೆ ಮತ್ತೆ ತುಂಬುತ್ತಾರೆ ಎಂದು ಯಾರೋ ಹೊಗಳಿ ಬರೆದಿದ್ದರು.

ಆ ಒಂದು ಪದ ನನ್ನ ತಲೆಯಲ್ಲಿ ದೀಪ ಹಚ್ಚಿತು. ಅಲ್ಲಿಯವರೆಗೆ ನಾವು ಮಾಂಸದ ಚಿತ್ರಗಳನ್ನು ನೋಡುತ್ತಿದ್ದೆವು, ಮಾಂಸದ ಬೆಲೆ ನೋಡುತ್ತಿದ್ದೆವು. ವಿಜಯಪುರದವನು ಖಾನಾವಳಿಯನ್ನು ಹಾಗೆ ಆರಿಸುತ್ತಾನೆಯೇ?

ಈಗ ತೋರಿಸುತ್ತಿರುವುದು ನಾನು ವಾರಕ್ಕೆ ಎರಡು ಸಲ ಉಣ್ಣುವ ಖಾನಾವಳಿ. ತಟ್ಟೆಯನ್ನು ನೋಡಿ. ರೊಟ್ಟಿಗೆ, ಎಣ್ಣೆಗಾಯಿಗೆ ನಾವು ದುಡ್ಡು ಕೊಡುತ್ತೇವೆ. ಆದರೆ ಊಟ ರುಚಿಸುವುದು ಸುತ್ತ ಕೂತವುಗಳಿಂದ: ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆಂಪು ರಂಜಕ, ಮಡಕೆ ಕಾಳಿನ ಪಲ್ಯ, ಹಸಿ ಮೆಂತ್ಯದ ಸೊಪ್ಪು, ಸೀಳಿದ ಉಳ್ಳಾಗಡ್ಡಿ. ಹಿಂಡಿ ಮುಗಿದರೆ ಬಾಯಿ ಬಿಟ್ಟು ಕೇಳಬೇಕಾಗಿಲ್ಲ. ಬಡಿಸುವವನು ಬಕೆಟ್ಟು ಹಿಡಿದು ಹೋಗುವಾಗ ತಟ್ಟೆಯ ಖಾಲಿ ಜಾಗ ಅವನ ಕಣ್ಣಿಗೆ ಬೀಳುತ್ತದೆ. ಬೀಳದಿದ್ದರೆ ನಾವು ಮರುದಿನ ಇನ್ನೊಂದು ಖಾನಾವಳಿಗೆ ಹೋಗುತ್ತೇವೆ. ಲೆಕ್ಕ ಅಷ್ಟೇ. ಕೊರಿಯನ್ ಹೋಟೆಲನ್ನೂ ಬಿಲ್ಲಿನಲ್ಲಿ ಬರದ ವಸ್ತುಗಳಿಂದಲೇ ಅಳೆಯೋಣ ಎಂದು ನಿರ್ಧರಿಸಿದೆವು.

ಮೂರೂ ಕಡೆ ಫೋನ್ ಮಾಡಿದೆ. ಬಾನ್‌ಚಾನ್ ಮತ್ತೆ ಹಾಕುತ್ತೀರಾ ಎಂಬುದು ಮೊದಲ ಪ್ರಶ್ನೆ. ಇದ್ದಿಲೋ ಗ್ಯಾಸೋ ಎಂಬುದು ಎರಡನೆಯದು. ಮೂರನೆಯದು ಅವ್ವ ಹೇಳಿಕೊಟ್ಟದ್ದು: "ಕಿಮ್ಚಿಯಲ್ಲಿ ಮೀನು ಇದೆಯೇ?"

ಈ ಮೂರನೆಯ ಪ್ರಶ್ನೆಯೇ ಎಲ್ಲವನ್ನೂ ಬಯಲು ಮಾಡಿತು. ಕಿಮ್ಚಿ ನೋಡುವುದಕ್ಕೆ ಎಲೆಕೋಸಿನ ಉಪ್ಪಿನಕಾಯಿ. ಆದರೆ ಸಾಮಾನ್ಯವಾಗಿ ಅದಕ್ಕೆ ಉಪ್ಪಿನಲ್ಲಿ ಕೊಳೆಸಿದ ಸಿಗಡಿಯನ್ನೋ ಮೀನಿನ ರಸವನ್ನೋ ಬೆರೆಸುತ್ತಾರೆ. ಸೋಯಾ ಹುದುಗಿನ ಸಾರು ಕೂಡ ಬಹುತೇಕ ಒಣಮೀನು ಕುದಿಸಿದ ನೀರಿನಲ್ಲಿ ಆಗುತ್ತದೆ. ಮೊದಲ ಹೋಟೆಲಿನವರು ನನ್ನ ಪ್ರಶ್ನೆ ಮುಗಿಯುವ ಮೊದಲೇ "ಇಲ್ಲ ಸರ್, ಶುದ್ಧ ಸಸ್ಯಾಹಾರ" ಎಂದರು. ಎರಡನೆಯವರು "ಬಂದಾಗ ನೋಡೋಣ ಸರ್" ಎಂದರು. ಮೂರನೆಯ ಕಡೆ ಒಬ್ಬ ಹುಡುಗಿ, ದನಿಯಿಂದ ಈಶಾನ್ಯ ರಾಜ್ಯದವಳಿರಬೇಕು, "ಒಂದು ನಿಮಿಷ" ಎಂದು ಫೋನ್ ಕೆಳಗಿಟ್ಟು ಅಡುಗೆಮನೆಗೆ ಹೋದಳು. ಪಾತ್ರೆಯ ಸದ್ದು ಕೇಳುತ್ತಿತ್ತು. ಬಂದು ಹೇಳಿದಳು: "ಇದೆ ಸರ್. ಅಮ್ಮನವರಿಗೆ ಕಿಮ್ಚಿ ಬೇಡ. ಮೂಲಂಗಿ ಉಪ್ಪಿನಕಾಯಿ, ಮೊಳಕೆ ಕಾಳು, ಪಾಲಕ್ ಕೊಡುತ್ತೇವೆ. ತವೆಯನ್ನೂ ಬೇರೆ ಇಡುತ್ತೇವೆ."

ಅವ್ವ ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದಳು. "ಇದೆ ಎಂದವಳ ಅಂಗಡಿಗೇ ಹೋಗೋಣ" ಎಂದಳು.

ಇಷ್ಟೆಲ್ಲ ಮಾಡಿಯೂ ನಾವು ಮೊದಲು ಹೋದದ್ದು ಅಲ್ಲಿಗಲ್ಲ. ರಾತ್ರಿಯೆಲ್ಲ ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನಲ್ಲಿ ಕೂತು ಬಂದಿಳಿದ ದಿನವೇ ನನ್ನ ಗೆಳೆಯ, "ಅಷ್ಟು ದೂರ ಏಕೆ, ನಮ್ಮ ಮನೆಯ ಹತ್ತಿರವೇ ಒಂದು ಇದೆ" ಎಂದು ಕರೆದುಕೊಂಡು ಹೋದ. ಅದು ನಮ್ಮ ಮೂರರಲ್ಲಿ ಮೊದಲನೆಯದು, ಆ ಶುದ್ಧ ಸಸ್ಯಾಹಾರದ ಕಿಮ್ಚಿಯದು. ಹೆಸರು ಹೇಳುವುದಿಲ್ಲ. ಗೋಡೆಯ ತುಂಬ ಬಣ್ಣದ ದೀಪ, ಹಾಡುಗಾರರ ಚಿತ್ರ. ಹುಡುಗಿಗೆ ಹದಿನೈದು ನಿಮಿಷ ಫೋಟೊ ತೆಗೆಯುವುದರಲ್ಲೇ ಹೋಯಿತು. ನಾನು ಮಾತ್ರ ಮೇಜಿನ ಮೇಲೆ ಇಳಿಬಿಟ್ಟ ಹೊಗೆಕೊಳವೆಯನ್ನೇ ನೋಡುತ್ತಿದ್ದೆ. ಅದರ ಬಾಯಿಗೆ ಕಾಗದದ ಕರವಸ್ತ್ರ ಹಿಡಿದೆ. ಗಾಳಿ ಎಳೆಯುತ್ತಿದ್ದರೆ ಕಾಗದ ಮೇಲಕ್ಕೆ ಅಂಟಿಕೊಳ್ಳಬೇಕು. ಅದು ಅಲುಗಲೂ ಇಲ್ಲ. ಪಕ್ಕದ ಮೇಜಿನವರು ಕಣ್ಣು ಒರೆಸಿಕೊಳ್ಳುತ್ತಿದ್ದರು, ಭಾವುಕತೆಯಿಂದಲ್ಲ. ಬಾನ್‌ಚಾನ್ ಬೇಕೆಂದರೆ ಒಂದೊಂದು ಬಟ್ಟಲಿಗೂ ಪಟ್ಟಿಯಲ್ಲಿ ಬೆಲೆ. ನೀರು ಕುಡಿದು, ಕ್ಷಮಿಸಿ ಎಂದು ಹೇಳಿ ಎದ್ದು ಬಂದೆವು. ಗೆಳೆಯನ ಮುಖ ಸಣ್ಣದಾಗಿತ್ತು. ಆ ರಾತ್ರಿ ಅವನೇ ಎಲ್ಲರಿಗೂ ಮಸಾಲೆದೋಸೆ ಕೊಡಿಸಿದ.

ಮರುದಿನ ಮೂರನೆಯ ಹೋಟೆಲಿಗೆ ಹೋದೆವು. ಹೊರಗಿನಿಂದ ನೋಡಿದರೆ ಏನೂ ಇಲ್ಲ, ಹಳೆಯ ಮನೆಯೊಂದರ ನೆಲಮಹಡಿ. ಒಳಗೆ ಎರಡು ಮೇಜುಗಳಲ್ಲಿ ಕೊರಿಯನ್ ಕುಟುಂಬಗಳು, ಒಂದರಲ್ಲಿ ಶಾಲೆಯ ಸಮವಸ್ತ್ರದ ಮಕ್ಕಳು. ಇನ್ನೂ ಹೆಚ್ಚು ಕೊರಿಯನ್ನರನ್ನು ನೋಡಬೇಕಾದರೆ ಚೆನ್ನೈಗೆ ಹೋಗಬೇಕು ಎಂದು ಗೆಳೆಯ ಹೇಳಿದ. ಅಲ್ಲಿನ ಶ್ರೀಪೆರಂಬದೂರಿನಲ್ಲಿ ಹ್ಯುಂಡೈ ಕಾರ್ಖಾನೆ ಇದೆ. ಕರವಸ್ತ್ರ ಹಿಡಿದೆ, ಟಪ್ಪೆಂದು ಮೇಲಕ್ಕೆ ಅಂಟಿಕೊಂಡಿತು.

ಮಾಂಸ ಬರುವ ಮೊದಲೇ ಮೇಜು ತುಂಬಿತು. ಏಳು ಬಟ್ಟಲು, ಎಣಿಸಿದೆ. ಜೊತೆಗೆ ಎಲೆಗಳ ಬುಟ್ಟಿ. ಇಗೋ, ಅಂಚಿನಲ್ಲಿ ಗರಗಸದ ಹಲ್ಲಿನಂತಿರುವ ಈ ಎಲೆಗೆ ಕ್ಕೆನ್ನಿಪ್ ಎನ್ನುತ್ತಾರೆ. ಹೆಸರಿನ ಅರ್ಥ ಎಳ್ಳಿನ ಎಲೆ, ಆದರೆ ಅದು ಎಳ್ಳಿನದಲ್ಲ, ಪುದೀನ ಮತ್ತು ತುಳಸಿಯ ಬಳಗದ ಗಿಡ. ಅವ್ವ ಚಿವುಟಿ ಮೂಸಿ ನೋಡಿದಳು. "ಔಷಧದ ವಾಸನೆ" ಎಂದಳು. ಮುಂದಿನ ಹತ್ತು ನಿಮಿಷದಲ್ಲಿ ನಾಲ್ಕು ಎಲೆ ತಿಂದಳು.

ಒಂದೊಂದು ಬಗೆಯ ಮಾಂಸವನ್ನೂ ಕನಿಷ್ಠ ಎರಡು ಪಾಲು ಹೇಳಬೇಕೆಂಬ ನಿಯಮ ಇಲ್ಲಿಯೂ ಇತ್ತು. ಎರಡು ಹಂದಿ, ಎರಡು ಕೋಳಿ ಹೇಳಿದೆವು. ಸಾಮ್‌ಗ್ಯೊಪ್ಸಾಲ್ ಬೆರಳಿನಷ್ಟು ದಪ್ಪದ ಉದ್ದನೆಯ ಪಟ್ಟಿಯಾಗಿ ಬಂತು, ಕೆಂಪು ಬಿಳಿ ಕೆಂಪು. ಮಸಾಲೆ ಇಲ್ಲ, ಉಪ್ಪು ಕೂಡ ಇಲ್ಲ. ಸಾವಜಿ ಊಟ ಉಂಡ ನಾಲಿಗೆಗೆ ಇದೇನು ಸಪ್ಪೆ ಎನಿಸಿತು, ನಿಜ ಹೇಳುತ್ತೇನೆ. ತವೆ ಸ್ವಲ್ಪ ಓರೆಯಾಗಿತ್ತು. ಕೊಬ್ಬು ಕರಗಿ ತಗ್ಗಿನ ಕಡೆ ಹರಿಯುತ್ತದೆ, ಅಲ್ಲಿ ತೂತಿನ ಕೆಳಗೆ ಒಂದು ಬಟ್ಟಲು. ಬಡಿಸುವ ಹುಡುಗಿ ಆ ತಗ್ಗಿನಲ್ಲೇ ಹುಳಿಯೇರಿದ ಕಿಮ್ಚಿ ಹರಡಿದಳು. ಐದೇ ನಿಮಿಷದಲ್ಲಿ ಕಿಮ್ಚಿಯ ಅಂಚು ಕಂದಾಗಿ, ಹುಳಿ ಮತ್ತು ಕೊಬ್ಬು ಸೇರಿ ಎದ್ದ ಘಮಕ್ಕೆ, ಕೋಳಿಯವನೂ ಹಂದಿಯ ಕಡೆ ಕಳ್ಳನೋಟ ಬೀರಿದ. ಮಾಂಸ ಹೊಂಬಣ್ಣಕ್ಕೆ ತಿರುಗಿದ ಮೇಲೆ ಕತ್ತರಿ ಹೊರಬಂತು. ಕಚ ಕಚ ಕಚ, ಒಂದೊಂದು ತುತ್ತಿನ ಗಾತ್ರ.

ತವೆ ಕಪ್ಪಾದ ಕೂಡಲೇ ಅದನ್ನು ಇಕ್ಕಳದಿಂದ ಎತ್ತಿ ಹೊಸದನ್ನು ಇಟ್ಟರು. ನಾವು ಕೇಳಿರಲಿಲ್ಲ. ಹಳೆಯ ಕರಕು ಹೊಸ ಮಾಂಸಕ್ಕೆ ಕಹಿ ಹಿಡಿಸುತ್ತದೆ, ಅದಕ್ಕೇ ಎಂದು ಬಡಿಸುವ ಹುಡುಗಿ ವಿವರಿಸಿದಳು.

ತಿನ್ನುವ ಕ್ರಮಕ್ಕೆ ಸ್ಸಾಮ್ ಎಂದು ಹೆಸರು. ಅಂಗೈಯಲ್ಲಿ ಎಲೆ, ಮೇಲೆ ಮಾಂಸ, ಸುಟ್ಟ ಬೆಳ್ಳುಳ್ಳಿ, ಹಸಿಮೆಣಸಿನಕಾಯಿಯ ಚೂರು, ಸೋಯಾ ಮತ್ತು ಮೆಣಸಿನ ಹುದುಗು ಬೆರೆಸಿದ ಸ್ಸಾಮ್‌ಜಾಂಗ್. ಮಡಿಚಿ ಒಂದೇ ಸಲಕ್ಕೆ ಬಾಯಿಗೆ. ಕಚ್ಚಿ ಅರ್ಧ ಉಳಿಸುವಂತಿಲ್ಲ. ಹಿರಿಯರಿಗೆ ಕಿರಿಯರು ಕಟ್ಟಿಕೊಡುವುದೂ ಉಂಟು. ಹುಡುಗಿ ಅವ್ವನ ಬೇರೆ ತವೆಯಿಂದ ಸುಟ್ಟ ಅಣಬೆ, ತೋಫು ತೆಗೆದು ಎಲೆಯಲ್ಲಿ ಸುತ್ತಿ, ಎರಡೂ ಕೈಯಲ್ಲಿ ಹಿಡಿದು ಅಜ್ಜಿಯ ಬಾಯಿಗಿಟ್ಟಳು. ಅವ್ವ ಒಂದು ನಿಮಿಷ ಮಾತಾಡುವ ಸ್ಥಿತಿಯಲ್ಲಿರಲಿಲ್ಲ. ಅಗಿದು ನುಂಗಿದ ಮೇಲೆ ಕೆಂಪು ಹುದುಗನ್ನು ಬೆರಳಿಂದ ನೆಕ್ಕಿದಳು. ಅದು ಗೋಚುಜಾಂಗ್; ಮೆಣಸಿನಪುಡಿ, ಅಂಟಕ್ಕಿ, ಸೋಯಾ ಕೂಡಿಸಿ ತಿಂಗಳುಗಟ್ಟಲೆ ಹುದುಗಿಸಿದ್ದು. "ಬಣ್ಣ ನಮ್ಮ ಬ್ಯಾಡಗಿಯದೇ. ಆದರೆ ರಂಜಕಕ್ಕೆ ಯಾರಾದರೂ ಸಿಹಿ ಹಾಕುತ್ತಾರೆಯೇ?"

ಕೊನೆಗೆ ಅವರು ತಣ್ಣನೆಯ ನೂಡಲ್ಸ್ ತರುತ್ತಾರೆ, ಐಸ್ ತೇಲುವ ಸಾರಿನಲ್ಲಿ. ನಮ್ಮ ಮೊಸರನ್ನದ ಜಾಗ ಅದರದು. ಹುಡುಗಿಗೆ ಬಹಳ ಹಿಡಿಸಿತು, ನನಗೆ ಅಷ್ಟಕ್ಕಷ್ಟೆ. ಬಿಲ್ಲು 5,000 ರೂಪಾಯಿ ದಾಟಿತು. ವಿಜಯಪುರದಲ್ಲಿ ಆ ದುಡ್ಡಿಗೆ ಎಷ್ಟು ದಿನ ಉಣ್ಣಬಹುದು ಎಂದು ಲೆಕ್ಕ ಹಾಕಬೇಡಿ. ನಾನು ಹಾಕಿದೆ, ನಿದ್ದೆ ಬರಲಿಲ್ಲ. ಇನ್ನೊಂದು ಮಾತು, ಹೊಸ ಬಟ್ಟೆ ತೊಟ್ಟು ಹೋಗಬೇಡಿ. ಕೊಳವೆ ಎಷ್ಟೇ ಎಳೆದರೂ ತಲೆಗೂದಲಿಗೆ ಹೊಗೆ ಹತ್ತಿಯೇ ಹತ್ತುತ್ತದೆ.

ನನಗೆ ಬಹಳ ಇಷ್ಟವಾದ ದೃಶ್ಯವನ್ನು ಕೊನೆಗೆ ಇಟ್ಟಿದ್ದೇನೆ. ಬಿಲ್ಲು ಬರುವುದಕ್ಕೆ ಸ್ವಲ್ಪ ಮೊದಲು ತೆಗೆದದ್ದು. ಅವ್ವನಿಗೆ ಕ್ಯಾಮೆರಾ ನಡೆಯುತ್ತಿರುವುದು ಗೊತ್ತಿರಲಿಲ್ಲ. ಅವಳ ಮುಂದಿನ ಮೂಲಂಗಿಯ ಬಟ್ಟಲು ಖಾಲಿಯಾಗಿದೆ. ಖಾನಾವಳಿಯಲ್ಲಿ ಮಾಡುವ ಹಾಗೆ, ಯಾರನ್ನೂ ಕರೆಯದೆ, ಅದನ್ನು ಎಡಗೈಯಿಂದ ಮೇಜಿನ ಅಂಚಿಗೆ ನೂಕುತ್ತಾಳೆ. ಆ ಹುಡುಗಿ ಬೇರೆ ಮೇಜಿಗೆ ಸಾರು ಒಯ್ಯುತ್ತಿದ್ದಾಳೆ, ತಿರುಗಿಯೂ ನೋಡುವುದಿಲ್ಲ. ಹಿಂತಿರುಗಿ ಬರುವಾಗ ಕೈಯಲ್ಲಿ ತುಂಬಿದ ಬಟ್ಟಲು ಇದೆ. ಇಡುತ್ತಾಳೆ, ಹೋಗುತ್ತಾಳೆ. ಅವ್ವ ನನ್ನ ಕಡೆ ನೋಡಿ, ಬಾಯಲ್ಲಿ ತುತ್ತು ಇಟ್ಟುಕೊಂಡೇ, "ಇವರು ಉಣಬಡಿಸುವ ಜನ" ಎನ್ನುತ್ತಾಳೆ. ಮತ್ತೆ ಮೂಲಂಗಿಗೆ ಕೈ ಹಾಕುತ್ತಾಳೆ.