ಮೂತಿಯಿಲ್ಲದ ಜೀಪಿನ ಅಡಿಯಲ್ಲಿ ಮಲಗಿ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಅಡಕೆ ಚಪ್ಪರದಡಿ ಒಂದು ಗಾಡಿ ಈಗ ಮರದ ದಿಮ್ಮಿಗಳ ಮೇಲೆ ಕೂತಿದೆ. ಜಾಕಿಯ ಮೇಲಲ್ಲ, ದಿಮ್ಮಿಗಳ ಮೇಲೆ. ಜಾಕಿ ಎತ್ತುವುದಕ್ಕೆ ಮಾತ್ರ, ಅದನ್ನು ನಂಬಿ ಯಾರೂ ಗಾಡಿಯಡಿ ಮಲಗಬಾರದು. ಹಿಂದಿನ ಎಡಗಡೆಯ ಹಬ್, ಎಂದರೆ ಚಕ್ರ ಕೂರುವ ನಡುಭಾಗ, ಬಿಚ್ಚಿ, ಎಣ್ಣೆ ಸೋರದಂತೆ ತಡೆಯುವ ಸೀಲ್ ಬದಲಿಸಿ, ಮತ್ತೆ ಬಿಗಿದದ್ದಾಯಿತು. ಬಲಗಡೆಯದಕ್ಕೆ ಅದನ್ನು ಎಳೆದು ತೆಗೆಯುವ ಪುಲ್ಲರ್ ಹಾಕಿ, ಕೈಲಾದಷ್ಟು ಬಿಗಿದು, ಇಲ್ಲಿಗೆ ಬಂದಿದ್ದೇನೆ. ಅದು ಇವತ್ತು ಬಿಡುತ್ತದೋ ನಾಳೆಯೋ ಹೇಳಲಾರೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಗಾಡಿಯ ಹೆಸರು ಎಫ್‌ಸಿ 150. ಐವತ್ತು ದಾಟಿದವರಿಗೆ ನೆನಪಿರಬಹುದು: ಮೂತಿಯೇ ಇಲ್ಲದ ಜೀಪು. ಡ್ರೈವರ್ ಮುಂದಿನ ಚಕ್ರದ ನೆತ್ತಿಯ ಮೇಲೆ ಕೂರುತ್ತಾನೆ. ಎಂಜಿನ್ನು ಅವನಿಗೂ ಪಕ್ಕದವನಿಗೂ ನಡುವೆ ತಗಡಿನ ಪೆಟ್ಟಿಗೆಯೊಳಗೆ. ಮಳೆಗಾಲದಲ್ಲಿ ಒದ್ದೆ ಪಂಚೆ ಒಣಗಿಸಲು ಅನುಕೂಲ, ಏಪ್ರಿಲ್ ತಿಂಗಳಲ್ಲಿ ಮಾತ್ರ ತೊಡೆ ಬೇಯುತ್ತದೆ. ಅಮೆರಿಕದ ವಿಲ್ಲಿಸ್ ಕಂಪನಿ 1956ರ ಕೊನೆಗೆ ಇದನ್ನು ಹೊರತಂದಿತು. ರೂಪ ಕೊಟ್ಟವರು ಬ್ರೂಕ್ಸ್ ಸ್ಟೀವನ್ಸ್. ಒಳಗಿನ ಸಾಮಾನೆಲ್ಲ ಜೀಪಿನದೇ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 81 ಅಂಗುಲ, ಅದೂ ಜೀಪಿನದೇ ಅಳತೆ. ಕ್ಯಾಬಿನ್ನನ್ನು ಮುಂದಕ್ಕೆ ತಳ್ಳಿದ್ದರಿಂದ ಹಿಂದೆ ಸಾಮಾನು ಹೇರಲು ಜಾಗ ಸಿಕ್ಕಿತು, ಅಷ್ಟೇ ಉಪಾಯ. ನಮ್ಮ ದೇಶದಲ್ಲಿ ಮಹೀಂದ್ರಾದವರು 1965ರಲ್ಲಿ ಶುರುಮಾಡಿದರು. ನಮ್ಮಪ್ಪ ಇದನ್ನು ಹರಾಜಿನಲ್ಲಿ ಹಿಡಿದರು. ಗೊಬ್ಬರ, ಅಡಕೆ ಗೊನೆ, ಒಂದೆರಡು ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತಿದೆ.

ಇಂಥ ಗಾಡಿ ಕೈಗೆ ಬಂದಾಗ ಗಂಡಸರಿಗೆ ಮೊದಲು ಹೊಳೆಯುವುದು ಎಂಜಿನ್ನು. ಡೀಸೆಲ್ ಕೂರಿಸೋಣ ಅನ್ನಿಸುತ್ತದೆ. ನನಗೂ ಅನ್ನಿಸಿತ್ತು. ಮೂಲ ಎಂಜಿನ್ನು ಹರಿಕೇನ್, ನಾಲ್ಕು ಸಿಲಿಂಡರ್, ಸುಮಾರು 2,200 ಸಿಸಿ, ಪೆಟ್ರೋಲ್ ಕುಡಿಯುವುದರಲ್ಲಿ ಹೆಸರಿಗೆ ತಕ್ಕ ಬಿರುಗಾಳಿ. ಮಲೆನಾಡಿನಲ್ಲಿ ಎಷ್ಟೋ ಹಳೆ ಜೀಪುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಹೋಗಿರುವುದು ಈ ಕಾರಣಕ್ಕೇ. ಹಾಗೆ ಮಾಡಿದವರೊಬ್ಬರ ಗಾಡಿಯನ್ನು ನಾನು ಹತ್ತಿರದಿಂದ ನೋಡಿದೆ. ಎಂಜಿನ್ ಚೆನ್ನಾಗಿಯೇ ಓಡಿತು. ಮೊದಲ ಮಳೆಗಾಲಕ್ಕೆ ಮುಂದಿನ ಪಾಟಾ, ಎಂದರೆ ಭಾರ ಹೊರುವ ಸ್ಪ್ರಿಂಗ್ ಕಟ್ಟು, ಕುಸಿಯಿತು, ಯಾಕೆಂದರೆ ಡೀಸೆಲ್ ಭಾರ ಹೆಚ್ಚು. ಪಾಟಾ ಗಟ್ಟಿ ಮಾಡಿಸಿದರು. ಆಮೇಲೆ ಕ್ಲಚ್. ಕ್ಲಚ್ ದೊಡ್ಡದಾದ ಮೇಲೆ ಗೇರ್‌ಬಾಕ್ಸಿನ ಫಸ್ಟ್ ಗೇರಿನ ಹಲ್ಲು. ಅದನ್ನೂ ಬದಲಿಸಿದ ಮೇಲೆ ಹಿಂದಿನ ಆಕ್ಸಲ್. ದುಡ್ಡು ಎಂಜಿನ್ನಿನಿಂದ ಹೊರಟು, ಗಾಡಿಯ ಉದ್ದಕ್ಕೂ ನಡೆದುಕೊಂಡು ಹೋಗಿ, ಹಿಂದಿನ ಚಕ್ರದಲ್ಲಿ ಇಳಿಯಿತು. ಹಳೆ ಗಾಡಿಯಲ್ಲಿ ಒಂದು ಕೊಂಡಿ ಬಲ ಮಾಡಿದರೆ ಮುರಿಯುವ ಜಾಗ ಮುಂದಿನ ಕೊಂಡಿಗೆ ಹೋಗುತ್ತದೆ. ಹಾಗಾಗಿ ನಾನು ಎಂಜಿನ್ ಮುಟ್ಟಲಿಲ್ಲ, ನೆಲದ ಕಡೆಯಿಂದ ಮೇಲಕ್ಕೆ ಬಂದೆ.

ಮೊದಲು ಪಾಟಾ. ಕಮಾನು ಪಟ್ಟಿ ಎನ್ನಿ, ಲೀಫ್ ಸ್ಪ್ರಿಂಗ್ ಎನ್ನಿ, ನಮ್ಮ ಕಡೆ ಪಾಟಾ. ಗಾಡಿ ತಗ್ಗಿದಂತೆ ಕಂಡರೆ ಎಲ್ಲರೂ ಹೇಳುವ ಪರಿಹಾರ ಒಂದೇ, ಇನ್ನೊಂದು ಎಲೆ ಸೇರಿಸು. ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳಲ್ಲಿ ಒಂದೊಂದೂ ಒಂದು ಎಲೆ. ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಒಂದೇ ದಪ್ಪದ ಒಂಬತ್ತು ಎಲೆಗೆ ಇನ್ನೊಂದನ್ನು ಸೇರಿಸಿದರೆ ಗಡಸುತನ ಹೆಚ್ಚುವುದು ಒಂಬತ್ತರಲ್ಲಿ ಒಂದು ಪಾಲು. ಆದರೆ ಎಲೆಯ ದಪ್ಪ ಬದಲಾದರೆ ಗಡಸುತನ ಘನದ ಲೆಕ್ಕದಲ್ಲಿ ಏರುತ್ತದೆ. ದಪ್ಪ ಕಾಲುಭಾಗ ಹೆಚ್ಚಾದರೆ ಆ ಎಲೆ ಹೆಚ್ಚುಕಡಿಮೆ ಎರಡರಷ್ಟು ಗಟ್ಟಿ. ಗುಜರಿಯಲ್ಲಿ ಸಿಕ್ಕಿದ ಲಾರಿಯ ಪಾಟಾ ಕತ್ತರಿಸಿ ಜೀಪಿಗೆ ಹಾಕುವವರು ಈ ಘನವನ್ನು ಬೆನ್ನುಮೂಳೆಯಲ್ಲಿ ಲೆಕ್ಕ ಹಾಕುತ್ತಾರೆ. ಖಾಲಿ ಗಾಡಿ ಕಪ್ಪೆಯ ಹಾಗೆ ಹಾರುತ್ತದೆ, ಹಾರಿದಾಗ ಚಕ್ರ ನೆಲ ಬಿಡುತ್ತದೆ, ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ.

ನಮ್ಮ ಗಾಡಿಯಲ್ಲಿ ಒಂದು ಎಲೆಯೂ ಮುರಿದಿರಲಿಲ್ಲ. ತುಕ್ಕು ಹಿಡಿದು ಎಲೆಗಳೆಲ್ಲ ಒಂದಕ್ಕೊಂದು ಅಂಟಿ, ಇಡೀ ಕಟ್ಟು ಒಂದೇ ದಪ್ಪ ಕಬ್ಬಿಣದ ತೊಲೆಯಂತಾಗಿತ್ತು. ಎಲೆ ಎಲೆಯ ಮೇಲೆ ಜಾರಬೇಕು. ಬಿಚ್ಚಿ, ತಂತಿಬ್ರಷ್ ಹಾಕಿ ಉಜ್ಜಿ, ಗ್ರಾಫೈಟ್ ಗ್ರೀಸ್ ಸವರಿ ಜೋಡಿಸಿದ ದಿನ ಅಮ್ಮ ಮುಂದೆ ಕೂತು ಬಂದವರು, ಇಳಿದು, ಗಾಡಿ ಬದಲಾಯಿಸಿದೆಯೇನೋ ಎಂದು ಕೇಳಿದರು. ಖರ್ಚಾದದ್ದು ಒಂದು ಡಬ್ಬ ಗ್ರೀಸು, ಎಲೆಗಳನ್ನು ನಡುವೆ ಪೋಣಿಸುವ ನಾಲ್ಕು ಸೆಂಟರ್ ಬೋಲ್ಟು, ಪಾಟಾವನ್ನು ಆಕ್ಸಲಿಗೆ ಬಿಗಿಯುವ ಎಂಟು ಹೊಸ ಯು ಬೋಲ್ಟು. ಯು ಬೋಲ್ಟನ್ನು ಹಳೆಯದೇ ಮತ್ತೆ ಹಾಕಬೇಡಿ. ಬಿಗಿದಾಗ ಅದು ಒಮ್ಮೆ ಎಳೆದುಕೊಂಡಿರುತ್ತದೆ. ಹೊಸದು ಹಾಕಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆ ಸ್ಪ್ಯಾನರ್ ಹಿಡಿದು ಇನ್ನೊಮ್ಮೆ ಬಿಗಿಯಬೇಕು. ಪಾಟಾ ನಡುವೆ, ಸೆಂಟರ್ ಬೋಲ್ಟಿನ ತೂತಿನ ಬಳಿ ತುಂಡಾಗಿದೆ ಎಂದರೆ ಭಾರದ ಮೇಲೆ ತಪ್ಪು ಹೊರಿಸುವ ಮೊದಲು ಯು ಬೋಲ್ಟ್ ಸಡಿಲಾಗಿತ್ತೇ ನೋಡಿ.

ಕುಸಿದ ಪಾಟಾಕ್ಕೆ ಮತ್ತೆ ಬಾಗು ಕೊಡಿಸುವುದಾದರೆ ಕೆಂಪಗೆ ಕಾಯಿಸಿ ಬಡಿದು, ನೀರಿಗೆ ಅದ್ದಿ ಕೊಡುವ ಕುಲುಮೆಗೆ ಕೊಡಬೇಡಿ. ಸ್ಪ್ರಿಂಗ್ ಉಕ್ಕಿಗೆ ಹದ ಎನ್ನುವುದೇ ಜೀವ. ಕಾಯಿಸಿದಾಗ ಹದ ಹೋಗುತ್ತದೆ. ನೀರಿಗೆ ಅದ್ದಿದ್ದು ಗಾಜಿನಂತೆ ಸಿಡಿಯುತ್ತದೆ, ಸುಮ್ಮನೆ ಆರಲು ಬಿಟ್ಟದ್ದು ಆರು ತಿಂಗಳಲ್ಲಿ ಮತ್ತೆ ಮಲಗುತ್ತದೆ. ಕಾಯಿಸದೆ ತಣ್ಣಗಿರುವಾಗಲೇ ಒತ್ತಿ ಬಾಗಿಸುವ ಕೈಗಳು ಇನ್ನೂ ಕೆಲವು ಊರುಗಳಲ್ಲಿವೆ, ಹುಡುಕಿಕೊಂಡು ಹೋಗಿ.

ಪಾಟಾದ ತುದಿಯನ್ನು ಚಾಸಿಗೆ ಜೋಡಿಸುವ ಕೊಂಡಿ ಶಾಕಲ್, ಅದರ ಬಗ್ಗೆ ಒಂದೇ ಮಾತು. ಹಳೆ ಜೀಪುಗಳ ಯು ಆಕಾರದ ಶಾಕಲ್‌ಗಳಿಗೆ ಮರೆ, ಎಂದರೆ ಸ್ಕ್ರೂ ಸುತ್ತು, ಇರುವ ಬುಷ್ ಇರುತ್ತದೆ, ಅದರಲ್ಲಿ ಕೆಲವಕ್ಕೆ ಎಡಮರೆ, ಎಂದರೆ ಉಲ್ಟಾ ತಿರುಗಿಸಿ ಬಿಚ್ಚಬೇಕು. ಶಾಕಲ್ ಮೇಲೆ ಒಂದು ಸಣ್ಣ ಗುಬುಟು ಇದ್ದರೆ ಅದು ಎಡಮರೆಯ ಗುರುತು. ಬಿಚ್ಚಲಾಗದೆ ಪೈಪ್ ಸಿಕ್ಕಿಸಿ ಜೋತುಬೀಳುವ ಮೊದಲು ಬೆರಳಲ್ಲಿ ಆ ಗುಬುಟು ತಡವಿ ನೋಡಿ. ನಾನು ಜೋತುಬಿದ್ದವನು.

ಇನ್ನು ಜಾಯಿಂಟು. ಗೇರ್‌ಬಾಕ್ಸಿನಿಂದ ಹೌಸಿಂಗಿಗೆ, ಎಂದರೆ ಆಕ್ಸಲಿನ ನಡುವಿನ ಹಲ್ಲುಗಾಲಿಗಳ ಗೂಡಿಗೆ, ಹೋಗುವ ಪ್ರೊಪೆಲ್ಲರ್ ಶಾಫ್ಟಿನ ಎರಡೂ ತುದಿಗೆ ಒಂದೊಂದು ಕ್ರಾಸ್, ಅಡ್ಡ ಉದ್ದ ಕೂಡಿದ ಆಕಾರದ ಕೀಲು. ಕ್ರಾಸ್ ಓರೆಯಾಗಿ ತಿರುಗುವಾಗ ಒಂದು ವಿಚಿತ್ರ ನಡೆಯುತ್ತದೆ. ಈ ಕಡೆ ಒಂದೇ ವೇಗದಲ್ಲಿ ತಿರುಗಿದರೂ ಆ ಕಡೆ ಪ್ರತಿ ಸುತ್ತಿಗೆ ಎರಡು ಸಲ ಮುಂದೋಡಿ ಎರಡು ಸಲ ಹಿಂದೆ ಬೀಳುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಓರೆಯಲ್ಲಿ, ಸರಿಯಾದ ಜೋಡಣೆಯಲ್ಲಿ ಇದ್ದರೆ ಈ ಕುಂಟುವಿಕೆಯನ್ನು ಅದು ಅಳಿಸಿಹಾಕುತ್ತದೆ. ಅದಕ್ಕೇ ಶಾಫ್ಟಿನ ಎರಡು ಕವಲುಗಳು ಒಂದೇ ನೇರದಲ್ಲಿರಬೇಕು. ಬಾಣದ ಗುರುತು ಕೊರೆದಿರುವುದು ಅದಕ್ಕೇ. ಒಮ್ಮೆ ನಾನೇ ಗ್ರೀಸ್ ಹಾಕಲು ಶಾಫ್ಟ್ ಎಳೆದು, ಸ್ಪ್ಲೈನಿನ ಒಂದು ಹಲ್ಲು ತಪ್ಪಿಸಿ ಜೋಡಿಸಿದೆ. ನಲವತ್ತರ ವೇಗಕ್ಕೆ ಬಂದ ಕೂಡಲೇ ಪಾದದಡಿ ದುಂಬಿ ಗುಂಯ್‌ಗುಟ್ಟಿದಂತೆ. ಎರಡು ವಾರ ಬೇರಿಂಗ್, ಟೈರ್, ಎಂಜಿನ್ ಮೌಂಟಿಂಗ್ ಎಲ್ಲವನ್ನೂ ಅನುಮಾನಿಸಿದೆ, ನನ್ನೊಬ್ಬನನ್ನು ಬಿಟ್ಟು.

ಎತ್ತರ ಮಾಡಿಸುವವರಿಗೂ ಇದೇ ಮಾತು ಅನ್ವಯ. ಶಾಕಲ್ ಉದ್ದ ಮಾಡಿ ಗಾಡಿಯನ್ನು ಮೂರು ಅಂಗುಲ ಎತ್ತಿದರೆ ನೋಡಲು ಚೆಂದ. ಆದರೆ 81 ಅಂಗುಲದ ಗಾಡಿಯಲ್ಲಿ ಹಿಂದಿನ ಶಾಫ್ಟೇ ಗಿಡ್ಡ, ಅಷ್ಟಕ್ಕೇ ಓರೆ ಮಿತಿಮೀರುತ್ತದೆ, ಹೌಸಿಂಗಿನ ಮೂತಿಯ ಕೋನವೂ ಕೆಡುತ್ತದೆ. ಮುಂದಿನ ಆಕ್ಸಲ್ ಮುಂದಕ್ಕೆ ಹೊರಳಿದರೆ ಸ್ಟಿಯರಿಂಗ್ ಕೈಯಲ್ಲಿ ನಡುಗುತ್ತದೆ. ಆ ನಡುಕಕ್ಕೆ ಎಲ್ಲರೂ ಸ್ಟಿಯರಿಂಗ್ ಡ್ಯಾಂಪರ್ ಕೊಳ್ಳುತ್ತಾರೆ. ನಾನಾದರೆ ಮೊದಲು ಮುಂದಿನ ಚಕ್ರ ಹೊರಳುವ ಕೀಲಾದ ಕಿಂಗ್ ಪಿನ್ ಬೇರಿಂಗಿನ ಶಿಮ್, ಸಡಿಲ ತೆಗೆಯುವ ತೆಳು ತಗಡು, ನೋಡುತ್ತೇನೆ.

ಈಗ ಗೇರ್‌ಬಾಕ್ಸು. ಟಿ-90 ಎನ್ನುವ ಮೂರು ಗೇರಿನದು, ಅದರ ಬೆನ್ನಿಗೆ ಬಲವನ್ನು ಮುಂದಿನ, ಹಿಂದಿನ ಆಕ್ಸಲಿಗೆ ಹಂಚುವ ಸ್ಪೈಸರ್ 18 ಟ್ರಾನ್ಸ್‌ಫರ್ ಕೇಸ್, ಹೈ ಮತ್ತು ಲೋ. ಲೋ ಗೇರಿನಲ್ಲಿ ಫಸ್ಟ್ ಹಾಕಿದರೆ 2.798, ಗುಣಿಸು 2.46, ಗುಣಿಸು ಹೌಸಿಂಗಿನ 5.38. ಒಟ್ಟು 37. ಎಂದರೆ ಎಂಜಿನ್ 37 ಸುತ್ತು ಸುತ್ತಿದಾಗ ಚಕ್ರ ಒಂದು ಸುತ್ತು. ಕೆಸರಿನ ಏರಿನಲ್ಲಿ ಇಷ್ಟು ಬಲ ಇರುವಾಗ ಇನ್ನೂ ದೊಡ್ಡ ಎಂಜಿನ್ ಯಾಕೆ? ಕಷ್ಟ ಇರುವುದು ಟಾರ್ ರಸ್ತೆಯಲ್ಲಿ. ಟಾಪ್ ಗೇರಿನಲ್ಲಿ ಅರುವತ್ತಕ್ಕೆ ಎಂಜಿನ್ ಸುಮಾರು 2,300 ಸುತ್ತು, ಎಂಬತ್ತಕ್ಕೆ 3,100ರ ಹತ್ತಿರ. ಎಂಜಿನ್ನಿನ ಪಕ್ಕದಲ್ಲೇ ಕೂತವನಿಗೆ ಅದು ಮಿಕ್ಸಿಯ ಪಕ್ಕ ಕೂತಂತೆ. ಇದಕ್ಕೆ ಅಮೆರಿಕದಲ್ಲಿ ವಾರ್ನ್ ಕಂಪನಿ ಟ್ರಾನ್ಸ್‌ಫರ್ ಕೇಸಿನ ಹಿಂದಿನ ಬಾಯಿಗೆ ಕೂರುವ ಓವರ್‌ಡ್ರೈವ್ ಎಂಬ ಹೆಚ್ಚುವರಿ ಗೇರು ಮಾಡಿತು. ಎಂಜಿನ್ ಸುತ್ತು ಕಾಲುಭಾಗ ಇಳಿಯುತ್ತದೆ. ಸಿಕ್ಕರೆ ಪುಣ್ಯ. ಇನ್ನೊಂದು ದಾರಿ ಹೌಸಿಂಗಿನೊಳಗಿನ ಹಲ್ಲುಗಾಲಿ ಜೋಡಿಯಾದ ಕ್ರೌನ್ ಪಿನಿಯನ್ ಬದಲಿಸಿ 5.38ರಿಂದ 4.88ಕ್ಕೆ ಇಳಿಯುವುದು, ಶೇಕಡಾ ಒಂಬತ್ತು ಉಳಿತಾಯ. ಆದರೆ ಹಿಂದೆ ಬದಲಿಸಿದರೆ ಮುಂದೆಯೂ ಬದಲಿಸಲೇಬೇಕು. ಈ ಟ್ರಾನ್ಸ್‌ಫರ್ ಕೇಸಿನಲ್ಲಿ ಮುಂದು ಹಿಂದಿನ ನಡುವೆ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ಫೋರ್ ವೀಲ್ ಹಾಕಿದಾಗ ಎರಡು ಆಕ್ಸಲ್ ಎರಡು ಲೆಕ್ಕದಲ್ಲಿ ತಿರುಗಿದರೆ ಒಂದನ್ನೊಂದು ಹಿಂಡುತ್ತವೆ. ಒಣ ಟಾರಿನ ಮೇಲೆ ಫೋರ್ ವೀಲ್ ಹಾಕಿ ಓಡಿಸಬಾರದು ಎನ್ನುವುದೂ, ಮುಂದೆ ಸವೆದ ಟೈರು ಹಿಂದೆ ಹೊಸ ಟೈರು ಬೇಡ ಎನ್ನುವುದೂ ಇದೇ ಹಿಂಡುವಿಕೆಗಾಗಿ.

ಎಣ್ಣೆಯ ವಿಷಯದಲ್ಲಿ ಮೋಸ ಹೋಗಬೇಡಿ. ಹೌಸಿಂಗಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು, ಅಲ್ಲಿ ಹಲ್ಲು ಹಲ್ಲಿನ ಮೇಲೆ ಉಜ್ಜಿಕೊಂಡು ಜಾರುತ್ತದೆ. ಗೇರ್‌ಬಾಕ್ಸಿಗೆ ಜಿಎಲ್-4 ಸಾಕು. ಜಿಎಲ್-5ರಲ್ಲಿರುವ ಹೆಚ್ಚಿನ ಗಂಧಕ, ರಂಜಕದ ಅಂಶ ಗೇರು ಸಲೀಸಾಗಿ ಬೀಳಿಸುವ ಸಿಂಕ್ರೊದ ಹಿತ್ತಾಳೆ ಉಂಗುರಗಳಿಗೆ ಆಗಿಬರುವುದಿಲ್ಲ. ಬೆಲೆ ಹೆಚ್ಚಿದ್ದು ಒಳ್ಳೆಯದು ಎನ್ನುವ ಅಂಗಡಿಯ ನ್ಯಾಯ ಇಲ್ಲಿ ನಡೆಯದು.

ಒಮ್ಮೆ ನಮ್ಮ ಟ್ರಾನ್ಸ್‌ಫರ್ ಕೇಸಿನಿಂದ ಎಣ್ಣೆ ಸೋರಲು ಹತ್ತಿತು. ಮೂರು ಸಲ ಸೀಲ್ ಬದಲಾಯಿತು, ಮೂರು ಸಲವೂ ದುಡ್ಡು ಕೊಟ್ಟೆ. ಕಡೆಗೆ ಗೇರ್‌ಬಾಕ್ಸಿನ ಮಟ್ಟದ ಬೋಲ್ಟ್ ತೆಗೆದು ಬೆರಳು ಹಾಕಿದರೆ ಒಳಗೆ ಎಣ್ಣೆಯೇ ತಾಗಲಿಲ್ಲ. ಅಲ್ಲಿನ ಎಣ್ಣೆ ನಡುವಿನ ಗೋಡೆ ದಾಟಿ ಈಚೆ ಬಂದು, ಇಲ್ಲಿ ಹೆಚ್ಚಾಗಿ, ಹೊರಗೆ ಸುರಿಯುತ್ತಿತ್ತು. ಜೊತೆಗೆ ಉಸಿರು ಬಿಡುವ ಸಣ್ಣ ರಂಧ್ರ ಮಣ್ಣಿನಿಂದ ಮುಚ್ಚಿಹೋಗಿತ್ತು. ಒಳಗೆ ಕಾದ ಗಾಳಿಗೆ ದಾರಿ ಇಲ್ಲದಿದ್ದರೆ ಅದು ಸೀಲನ್ನೇ ಬಾಗಿಲು ಮಾಡಿಕೊಳ್ಳುತ್ತದೆ. ಹೌಸಿಂಗಿನ ಉಸಿರುಗಂಡಿಯೂ ಹಾಗೆಯೇ. ಕಾದ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನೇ ಹೀರಿಕೊಳ್ಳುತ್ತದೆ. ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಹಳ್ಳ ಒಳಗೆ ಬಂದಿದೆ ಎಂದೇ ಅರ್ಥ. ಒಂದು ಗೇಣು ರಬ್ಬರ್ ಪೈಪನ್ನು ಅಲ್ಲಿಂದ ಮೇಲಕ್ಕೆ ಎಳೆದು ಕಟ್ಟಿದೆ. ಈ ಗಾಡಿಗೆ ನಾನು ಮಾಡಿದ ಅತ್ಯುತ್ತಮ ಅಪ್‌ಗ್ರೇಡ್ ಯಾವುದೆಂದು ಯಾರಾದರೂ ಕೇಳಿದರೆ ಆ ಪೈಪನ್ನೇ ತೋರಿಸುತ್ತೇನೆ, ಕೇಳಿದವರಿಗೆ ನಿರಾಸೆಯಾಗುತ್ತದೆ.

ಕಾನೂನಿನದೊಂದು ಮಾತು. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು, ನಂಬರಿನ ನಡುವೆ ವಿಎ ಎಂಬ ಅಕ್ಷರ ಬರುತ್ತದೆ. ಆದರೆ ಚಾಸಿ, ಬಾಡಿ, ಎಂಜಿನ್ ಮೂಲದಂತೆಯೇ ಇರಬೇಕು, ದಿನನಿತ್ಯ ಓಡಿಸುವಂತಿಲ್ಲ. ಡೀಸೆಲ್ ಕೂರಿಸಿ ಆಮೇಲೆ ವಿಂಟೇಜ್ ಎನ್ನಲು ಬರುವುದಿಲ್ಲ. ನಾನು ಅದಕ್ಕೆ ಹೋಗಿಲ್ಲ, ನನಗೆ ಗೊಬ್ಬರ ಸಾಗಬೇಕು.

ಈಗ ಆ ಹಬ್ಬು. ಹಿಂದಿನ ಆಕ್ಸಲ್ ಶಾಫ್ಟಿನ ತುದಿ ಬಾಳೆಮೋತೆಯಂತೆ ಚೂಪು. ಅದರ ಮೇಲೆ ಹಬ್ ಬಿಗಿಯಾಗಿ ಕೂತಿರುತ್ತದೆ, ಪಕ್ಕದಲ್ಲೊಂದು ಚಾವಿ, ಹಬ್ ಜಾರದಂತೆ ಹಿಡಿಯುವ ಕಬ್ಬಿಣದ ತುಂಡು. ವರ್ಷಗಟ್ಟಲೆ ಕೂತದ್ದು ಸುಲಭಕ್ಕೆ ಬಿಡುವುದಿಲ್ಲ. ಸುತ್ತಿಗೆಯಿಂದ ಶಾಫ್ಟಿನ ತುದಿಗೆ ಬಡಿಯುವವರಿದ್ದಾರೆ, ಆ ಪೆಟ್ಟು ನೇರ ಒಳಗಿನ ಬೇರಿಂಗಿಗೆ. ಪುಲ್ಲರ್ ಹಾಕಿ, ಬಿಗಿದು, ಹಾಗೇ ಬಿಟ್ಟು ಮಲಗುವುದೇ ಮದ್ದು. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಮರೆ ಉಳಿಸಿರಬೇಕು, ಇಲ್ಲದಿದ್ದರೆ ಹಬ್ಬೂ ಪುಲ್ಲರೂ ಒಟ್ಟಿಗೆ ಗೋಡೆಗೆ ಹಾರುತ್ತವೆ. ಎಡಗಡೆಯದು ಮೊನ್ನೆ ರಾತ್ರಿ ಎರಡು ಗಂಟೆಗೆ ಬಿಟ್ಟಿತು. ಕಾಡುಹಂದಿಗೆ ಯಾರೋ ಗುಂಡು ಹಾರಿಸಿದರೆಂದು ಪಕ್ಕದ ಮನೆಯವರು ಲೈಟು ಹಾಕಿಕೊಂಡು ಹೊರಗೆ ಬಂದರು. ಬಲಗಡೆಯದು ನಿನ್ನೆ ಸಂಜೆಯಿಂದ ಜಪ್ಪಯ್ಯ ಎಂದರೂ ಅಲುಗಿಲ್ಲ. ಹೊರಡುವಾಗ ಇನ್ನೊಂದು ಕಾಲು ಸುತ್ತು ಬಿಗಿದು, ಆ ಕಡೆ ಯಾರೂ ಸುಳಿಯದಂತೆ ನೋಡಿಕೊಳ್ಳಿ ಎಂದು ಅಮ್ಮನಿಗೆ ಹೇಳಿ ಬಂದಿದ್ದೇನೆ. ಪಕ್ಕದ ಮನೆಯವರಿಗೂ ಈ ಸಲ ಮೊದಲೇ ತಿಳಿಸಿದ್ದೇನೆ.

ನಮಸ್ಕಾರ.