ನೀರು ಇಳಿಯೋವಾಗ ದೋಣಿ ಎಲ್ಲಿರಬೇಕು? ಅಘನಾಶಿನಿ ಅಳಿವೆಯಲ್ಲಿ ಮೀನು ಮತ್ತು ದಾರಿ

[ದೃಶ್ಯ: ಡ್ರೋನ್. ತುಂಬಿದ ಉಬ್ಬರ. ತದಡಿ ಬಂದರು, ಆಚೆ ದಡದಲ್ಲಿ ಅಘನಾಶಿನಿ ಊರು.]

ಈ ನೀರು ನೋಡಿ. ಆ ದಡದಿಂದ ಈ ದಡದವರೆಗೆ ಒಂದೇ ಸಮ. ದೋಣಿ ಎಲ್ಲಿ ಬೇಕಾದ್ರೂ ಓಡಿಸಬಹುದು ಅನ್ಸುತ್ತೆ, ಅಲ್ವಾ?

[ದೃಶ್ಯ: ಅದೇ ಜಾಗ, ಅದೇ ಎತ್ತರ, ಪೂರ್ತಿ ಇಳಿತ.]

ಈಗ ಇದನ್ನ ನೋಡಿ. ಆರು ಗಂಟೆ ಆದ್ಮೇಲೆ ತೆಗೆದಿದ್ದು. ಅರ್ಧಕ್ಕರ್ಧ ಕೆಸರು, ಮರಳುದಿಬ್ಬ. ದಿಬ್ಬದ ಮೇಲೆ ಜನ ಕೂತು ಬಳಚು, ಅಂದ್ರೆ ಚಿಪ್ಪುಮೀನು, ಹೆಕ್ತಾ ಇದ್ದಾರೆ. ನಡುವೆ ಹಾವಿನ ಹಾಗೆ ತಿರುಗಿಕೊಂಡು ಹೋಗಿರೋ ಆ ಕಪ್ಪು ಗೆರೆ ಇದೆಯಲ್ಲ, ನಮ್ಮ ಇವತ್ತಿನ ವಿಡಿಯೋ ಅದರ ಬಗ್ಗೆ. ನೀರು ಇಳಿಯೋವಾಗ ಮೀನು ಇಳಿದು ಹೋಗೋದು ಅದೇ ಗೆರೆಗೆ. ದೋಣಿ ಇರಬೇಕಾದದ್ದೂ ಅಲ್ಲೇ. ಹಿನ್ನೀರಲ್ಲಿ, ಅಂದ್ರೆ ಸಮುದ್ರದ ನೀರು ಒಳನುಗ್ಗೋ ಇಂಥ ಅಳಿವೆಯಲ್ಲಿ, ಮೀನು ಹುಡುಕೋ ವಿದ್ಯೆ ಬೇರೆ, ದಾರಿ ಹುಡುಕೋ ವಿದ್ಯೆ ಬೇರೆ ಅಂತ ಹೊಸಬರು ಅಂದ್ಕೊಂಡಿರ್ತಾರೆ. ನನ್ನ ಪ್ರಕಾರ ಎರಡೂ ಒಂದೇ.

ಮೊದಲು ಜಾಗದ ಬಗ್ಗೆ ಎರಡು ಮಾತು. ಅಘನಾಶಿನಿ ನದಿ ಶಿರಸಿಯಲ್ಲಿ ಹುಟ್ಟಿ, ಉಂಚಳ್ಳಿಯಲ್ಲಿ ಧುಮುಕಿ, ಕುಮಟಾ ತಾಲೂಕಲ್ಲಿ ಸಮುದ್ರ ಸೇರುತ್ತೆ. ನಡುವೆ ಎಲ್ಲೂ ಅಣೆಕಟ್ಟು ಇಲ್ಲ. ಪಕ್ಕದ ಶರಾವತಿಯಲ್ಲಿ ಲಿಂಗನಮಕ್ಕಿ ಕಡೆಯಿಂದ ಕರೆಂಟು ತೆಗೆದು ಬಿಟ್ಟ ನೀರು ಬೇಸಿಗೆಯಲ್ಲೂ ಹರಿದು ಬರೋದರಿಂದ ಹೊನ್ನಾವರದ ಹಿನ್ನೀರಿಗೆ ಉಪ್ಪು ಕಮ್ಮಿ. ಅಘನಾಶಿನಿಯಲ್ಲಿ ಹಾಗಿಲ್ಲ. ಮಳೆ ನಿಂತ್ಮೇಲೆ ಇಲ್ಲಿ ಸಮುದ್ರದ್ದೇ ರಾಜ್ಯ. ಚಿಪ್ಪು, ಸಿಗಡಿ, ಏಡಿ ಇಷ್ಟು ಸಮೃದ್ಧವಾಗಿರೋಕೆ ಅದೂ ಒಂದು ಕಾರಣ. 2024ರ ಜನವರಿಯಲ್ಲಿ ಈ ಅಳಿವೆಯ 4,801 ಹೆಕ್ಟೇರ್ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

[ದೃಶ್ಯ: ಗ್ರಾಫಿಕ್ಸ್. ಗಡಿಯಾರ, ಪಕ್ಕದಲ್ಲಿ ಅಳತೆ ಕೋಲು.]

ಈಗ ಉಬ್ಬರ ಇಳಿತ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಇದು ಎಲ್ಲರಿಗೂ ಗೊತ್ತು. ಒಂದು ಉಬ್ಬರಕ್ಕೂ ಮುಂದಿನದಕ್ಕೂ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಬೆಳಗ್ಗೆ 9ಕ್ಕೆ ತುಂಬಿದ ನೀರು ನಾಳೆ ತುಂಬೋದು 10 ಗಂಟೆ ಹತ್ತಿರಕ್ಕೆ. ನಮ್ಮ ಕರಾವಳಿಯಲ್ಲಿ ಏರಿಳಿತ ದೊಡ್ಡದೇನಲ್ಲ. ಗುಜರಾತಿನ ಖಂಭಾತ್ ಕೊಲ್ಲಿಯಲ್ಲಿ ಹತ್ತು ಮೀಟರ್ ಏರುತ್ತೆ. ಇಲ್ಲಿ ಹುಣ್ಣಿಮೆ, ಅಮಾವಾಸ್ಯೆಗೂ ಎರಡು ಮೀಟರಿನ ಆಸುಪಾಸು, ಅಷ್ಟೇ. ಆದರೆ ಸೊಂಟದ ಮಟ್ಟ ನೀರಿರೋ ಕಡೆ ಸೊಂಟದ ಮಟ್ಟ ಇಳಿದರೆ ಏನು ಉಳೀತು ಹೇಳಿ?

ಇಲ್ಲೊಂದು ಲೆಕ್ಕ ಬಾಯಿಪಾಠ ಮಾಡ್ಕೊಳ್ಳಿ. ಆರು ಗಂಟೆಯಲ್ಲಿ ನೀರು ಒಂದೇ ವೇಗದಲ್ಲಿ ಇಳಿಯಲ್ಲ. ಒಟ್ಟು ಇಳಿಯೋದನ್ನ ಹನ್ನೆರಡು ಪಾಲು ಮಾಡಿ. ಮೊದಲ ಗಂಟೆ ಒಂದು ಪಾಲು, ಎರಡನೇ ಗಂಟೆ ಎರಡು, ಮೂರು ಮತ್ತು ನಾಲ್ಕನೇ ಗಂಟೆ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂದಾಜಿನ ಲೆಕ್ಕ ಇದು, ಆದರೆ ಕೆಲಸಕ್ಕೆ ಬರುತ್ತೆ. ಇವತ್ತು 180 ಸೆಂಟಿಮೀಟರ್ ಇಳಿಯೋದಿದೆ, 9 ಗಂಟೆಗೆ ಶುರು ಅನ್ಕೊಳ್ಳಿ. 10 ಗಂಟೆಗೆ ಇಳಿದಿರೋದು ಬರೀ 15. "ಏನೂ ಇಳಿದೇ ಇಲ್ಲವಲ್ಲ" ಅಂತ ಒಳಗಿನ ಕಾಲುವೆಗೆ ನುಗ್ತೀರಿ. 11ರಿಂದ 1 ಗಂಟೆ ಒಳಗೆ 90 ಸೆಂಟಿಮೀಟರ್ ಹೋಗಿರುತ್ತೆ. ದೋಣಿ ಸಿಕ್ಕಿಹಾಕಿಕೊಳ್ಳೋದು ಬಹುತೇಕ ಆ ಎರಡು ಗಂಟೆಯಲ್ಲೇ.

ಅಷ್ಟಮಿ ಹೊತ್ತಿಗೆ ಏರಿಳಿತ ಕಮ್ಮಿ, ಸೆಳೆತವೂ ಕಮ್ಮಿ. ಹೊಸಬರು ದೋಣಿ ಕಲಿಯೋಕೆ ಅಷ್ಟಮಿಯೇ ಒಳ್ಳೇದು. ಮೀನಿಗೆ ಅಷ್ಟು ಒಳ್ಳೇದಲ್ಲ, ಅದನ್ನೂ ಹೇಳಿಬಿಡ್ತೀನಿ. ಸಮಯಕ್ಕೆ ಸರ್ವೆ ಆಫ್ ಇಂಡಿಯಾದ ಉಬ್ಬರ ಇಳಿತದ ಪಟ್ಟಿ ಇದೆ, ಮೊಬೈಲ್ ಆಪ್‌ಗಳೂ ಇವೆ. ಆದರೆ ಆಪ್ ತೋರಿಸೋದು ಬಂದರಿನ ಸಮಯ. ತದಡಿಯಲ್ಲಿ ನೀರು ತಿರುಗಿದ ಮೇಲೂ ಮಿರ್ಜಾನ್ ಕಡೆ ಸ್ವಲ್ಪ ಹೊತ್ತು ಇಳೀತಾನೇ ಇರುತ್ತೆ. ಒಂದು ಹುಣ್ಣಿಮೆ ದಿನ ನಿಮ್ಮ ಜಾಗದಲ್ಲಿ ಉಬ್ಬರ ಎಷ್ಟು ಹೊತ್ತಿಗೆ ತುಂಬಿತು ಅಂತ ಗುರುತಿಟ್ಟುಕೊಳ್ಳಿ. ಮುಂದಿನ ಅಮಾವಾಸ್ಯೆಗೂ ಹೆಚ್ಚುಕಮ್ಮಿ ಅದೇ ಹೊತ್ತು.

[ದೃಶ್ಯ: ದೋಣಿಯ ಮುಂಭಾಗದಿಂದ. ಐಗಳಕುರ್ವೆ ಪಕ್ಕದ ತಿರುವು.]

ಹಾಗಾದ್ರೆ ಉಬ್ಬರದಲ್ಲಿ ಆ ಗೆರೆ ಕಾಣೋದು ಹೇಗೆ? ತಿರುವಿನಲ್ಲಿ ಹೊರಬದಿ ಆಳ, ಒಳಬದಿ ಮರಳು. ನೀರು ಹೊರಬದಿಯನ್ನ ಕೊರೆದು ತಂದಿದ್ದನ್ನ ಒಳಬದಿಗೆ ಹಾಕುತ್ತೆ. ಅಡ್ಡದಾರಿ ಹಿಡಿಯೋ ಆಸೆಯಾಗೋದು ಯಾವಾಗಲೂ ಒಳಬದಿಯಲ್ಲೇ! ಗಾಳಿ ಸಣ್ಣಗಿದ್ದಾಗ ಸೆಳೆತದ ಎದುರು ನೀರಿನ ಮೈ ಮೇಲೆ ಸಣ್ಣ ಸಣ್ಣ ಕುಣಿತ ಕಂಡರೆ ಕೆಳಗೆ ದಿಬ್ಬ ಇದೆ ಅಂತ. ಬೆಳ್ಳಕ್ಕಿ ನಿಂತಿದೆಯಾ, ಅದರ ಕಾಲು ನೋಡಿ, ಆಳ ಅಷ್ಟೇ. ಸಾಲಾಗಿ ನೆಟ್ಟ ಗೂಟ ಕಂಡರೆ ಅದು ಬಲೆ ಕಟ್ಟೋ ಜಾಗ. ಗೂಟದಿಂದ ಗೂಟಕ್ಕೆ ನೀರೊಳಗೆ ಹಗ್ಗ ಇರಬಹುದು, ನಡುವೆ ನುಗ್ಗಬೇಡಿ. ನಿಮ್ಮ ಎಂಜಿನ್ನಿನ ಫ್ಯಾನಿಗೆ ಸುತ್ತಿಕೊಳ್ಳೋದು ಒಂದು ಕಡೆ, ಇನ್ನೊಬ್ಬರ ಬಲೆ ಹರಿಯೋದು ಇನ್ನೊಂದು ಕಡೆ.

ಬೇಸಿಗೆಯಲ್ಲಿ ಒಂದು ಪೂರ್ತಿ ಇಳಿತದಲ್ಲಿ ದಡದ ಮೇಲೆ ನಿಂತು ಎಲ್ಲ ಫೋಟೋ ತೆಗೆದಿಟ್ಟುಕೊಳ್ಳಿ. ಮೀನು ಹಿಡಿಯೋಕೆ ಹೋಗಬೇಡಿ ಅವತ್ತು. ಮಳೆಗಾಲ ಕಳೆದ ಮೇಲೆ ಮತ್ತೆ ತೆಗೀರಿ, ಪ್ರವಾಹಕ್ಕೆ ದಿಬ್ಬಗಳು ಜಾಗ ಬದಲಾಯಿಸಿರುತ್ತವೆ.

[ದೃಶ್ಯ: ಗಜನಿ ಕಟ್ಟೆ. ತೂಬಿನ ಹಲಗೆ ಎತ್ತಿದೆ, ನೀರು ಹೊರಗೆ ಹರೀತಿದೆ. ಹತ್ತಿರದ ಶಾಟ್.]

ಮೀನಿಗೆ ಬರೋಣ. ಇದು ಗಜನಿ, ಅಳಿವೆ ಪಕ್ಕದ ಕಟ್ಟೆ ಹಾಕಿದ ಗದ್ದೆ. ಮಳೆಗಾಲದಲ್ಲಿ ಇಲ್ಲಿ ಕಗ್ಗ ಬೆಳೀತಾರೆ, ಉಪ್ಪು ನೀರು ತಡೆಯೋ ಭತ್ತ. ಕೊಯ್ಲಾದ ಮೇಲೆ ಉಬ್ಬರದ ನೀರು ಒಳಗೆ ಬಿಡ್ತಾರೆ, ಅದರ ಜೊತೆ ಸಿಗಡಿ ಮರಿ, ಮೀನಿನ ಮರಿ ಬರುತ್ತವೆ, ಭತ್ತದ ಕೂಳೆ ಕೊಳೆತು ಅವಕ್ಕೆ ಮೇವಾಗುತ್ತೆ. ಇಳಿತದಲ್ಲಿ ಕಟ್ಟೆಯ ತೂಬಿನ ಬಾಗಿಲು ತೆರೆದಾಗ ಹೊರಬರೋ ನೀರಿನ ಬಣ್ಣ ನೋಡಿ, ಚಹಾ ಬಣ್ಣ. ಹೊರಗಿನ ತಿಳಿನೀರಿಗೂ ಇದಕ್ಕೂ ನಡುವೆ ಒಂದು ಅಂಚು ಕಾಣ್ತಿದೆ. ದೊಡ್ಡ ಮೀನು ಕಾಯೋದು ಆ ಅಂಚಿನ ಕೆಳಗೆ. ಬಾಯಿಗೆ ತಾನಾಗೇ ಬರೋದನ್ನ ಯಾಕೆ ಅಟ್ಟಿಸಿಕೊಂಡು ಹೋಗಬೇಕು? ಗಾಳವನ್ನ ಸೆಳೆತದ ಮೇಲ್ಗಡೆ ಎಸೆದು ನೀರಿನ ಜೊತೆ ತೇಲಿ ಬರೋಕೆ ಬಿಡಿ. ಗಾಳ ಹಾಕೋದು ಹೊರಗೆ ಮಾತ್ರ. ಗಜನಿಯೊಳಗಿನ ಮೀನು ರೈತರದ್ದು, ಹಂಗಾಮಿಗೆ ಹರಾಜು ಹಿಡಿದವರದ್ದು. ಬಾಗಿಲ ಹತ್ತಿರ ಅವರ ಬಲೆ ಇದ್ದರೆ ಕೇಳಿಯೇ ಹತ್ತಿರ ಹೋಗಿ.

ಮರಳು ತಳದಲ್ಲಿ ನೊಗಲಿ ಮೀನು, ದಕ್ಷಿಣಕ್ಕೆ ಹೋದರೆ ಇದಕ್ಕೇ ಕಾಣೆ ಅಂತಾರೆ. ತಳದ ಹುಳ ತಿನ್ನೋ ಮೀನು, ಬಾಯಿ ಸಣ್ಣದು. ಸಣ್ಣ ಗಾಳ, ತೆಳು ದಾರ, ಸಿಗಡಿಯ ಒಂದು ಚೂರು ಸಾಕು. ಹೆದರಿದರೆ ಮರಳೊಳಗೆ ಹುದುಗಿಬಿಡುತ್ತೆ, ಎಳೆಬಲೆ ಮೇಲಿಂದ ಹಾದು ಹೋದರೂ ಸಿಗಲ್ಲ. ಕಾಂಡ್ಲಾ, ಅಂದ್ರೆ ಮ್ಯಾಂಗ್ರೋವ್ ಗಿಡದ ಬೇರಿನ ಸಂದಿಯಲ್ಲಿ ಕೆಂಬೇರಿ ಮೀನು. ಕಚ್ಚಿದ ಕೂಡಲೇ ಬೇರಿನೊಳಗೆ ಓಡುತ್ತೆ. ಮೊದಲ ಎರಡು ಸೆಕೆಂಡಲ್ಲಿ ಹೊರಗೆಳೆಯದಿದ್ದರೆ ದಾರ ಹೋಯ್ತು. ಇನ್ನು ಸೀಬಾಸ್. ಇದು ಗಂಡಾಗಿ ಬೆಳೆದು, ದೊಡ್ಡದಾದ ಮೇಲೆ ಹೆಣ್ಣಾಗೋ ಮೀನು. ಅಂದ್ರೆ ನೀವು ಫೋಟೋಗೆ ಎತ್ತಿ ಹಿಡಿಯೋ ದೊಡ್ಡ ಮೀನು ಬಹುಪಾಲು ಮೊಟ್ಟೆ ಇಡೋ ಹೆಣ್ಣು. ನಾನಂತೂ ದೊಡ್ಡದನ್ನ ಬಿಟ್ಟು ಮಧ್ಯಮದ್ದನ್ನ ಮನೆಗೆ ಒಯ್ಯೋ ಪಕ್ಷ. ಸಾರಿಗೂ ಅದೇ ರುಚಿ.

[ದೃಶ್ಯ: ಪಾತಿ ದೋಣಿ, ಗಳ ಹಾಕಿ ನೂಕೋದು.]

ದೋಣಿ ಸಿಕ್ಕಿಕೊಂಡರೆ? ಮೊದಲು ಎಂಜಿನ್ ಆಫ್ ಮಾಡಿ ಮೇಲೆತ್ತಿ. ರೇಸ್ ಕೊಟ್ಟರೆ ತಂಪು ಮಾಡೋ ನೀರಿನ ಜೊತೆ ಕೆಸರು ಒಳಗೆ ಹೋಗಿ ಎಂಜಿನ್ ಬಿಸಿಯಾಗುತ್ತೆ. ಯಾವ ದಾರಿಯಲ್ಲಿ ಬಂದಿರೋ ಅದೇ ದಾರಿಯಲ್ಲಿ ಹಿಂದಕ್ಕೆ ನೂಕಿ, ಮುಂದೆ ಆಳ ಇರಬಹುದು ಅನ್ನೋ ಆಸೆ ಬೇಡ. ದೋಣಿಯ ಮುಂಭಾಗ ಸಿಕ್ಕಿದ್ದರೆ ಎಲ್ಲರೂ ದೋಣಿಯ ಹಿಂಭಾಗಕ್ಕೆ ಬನ್ನಿ. ಗಳ, ಅಂದ್ರೆ ಉದ್ದ ಕೋಲು, ಇಲ್ಲದೆ ಹಿನ್ನೀರಿಗೆ ಇಳಿಯಲೇಬೇಡಿ. ಆಳ ನೋಡೋಕೂ ಅದೇ, ನೂಕೋಕೂ ಅದೇ, ಕೆಸರಿಗೆ ಚುಚ್ಚಿ ದೋಣಿ ಕಟ್ಟೋಕೂ ಅದೇ. ಕೆಳಗೆ ಇಳಿಯಲೇಬೇಕಾದರೆ ಬರಿಗಾಲಲ್ಲಿ ಬೇಡ, ಚಿಪ್ಪು ಬ್ಲೇಡಿನಷ್ಟು ಹರಿತ. ಕಾಲು ಎತ್ತಿ ಎತ್ತಿ ಇಡದೆ ತಳಕ್ಕೆ ಉಜ್ಜಿಕೊಂಡು ನಡೀರಿ, ಮರಳಲ್ಲಿ ಮಲಗಿರೋ ತೊರಕೆ ಮೀನು ಎದ್ದು ಹೋಗುತ್ತೆ. ತುಳಿದರೆ ಬಾಲದ ಮುಳ್ಳಿನ ವಿಷ ಗಂಟೆಗಟ್ಟಲೆ ಬಿಡಲ್ಲ.

ಕೊನೇದು ಅಳಿವೆ ಬಾಯಿ. ಒಳಗಿಂದ ಇಳಿತದ ಸೆಳೆತ, ಹೊರಗಿಂದ ಸಮುದ್ರದ ಅಲೆ, ಎರಡೂ ಎದುರುಬದುರಾದಾಗ ಅಲೆ ಕಡಿದಾಗಿ ಎದ್ದು ಮುರಿಯುತ್ತೆ. ಒಳಗೆ ಕನ್ನಡಿಯಂತಿದ್ದ ದಿನವೂ ಬಾಯಲ್ಲಿ ದೋಣಿ ಮಗುಚಬಹುದು. ಸಣ್ಣ ದೋಣಿಯವರು ಇಳಿತ ಜೋರಾಗಿದ್ದಾಗ ಆ ಕಡೆ ತಲೆ ಹಾಕಬೇಡಿ. ಹೊರಡೋ ಮುಂಚೆ ಸಮುದ್ರದ ಮುನ್ಸೂಚನೆ ಕೊಡೋ ಸರ್ಕಾರಿ ಸಂಸ್ಥೆ ಇನ್‌ಕಾಯಿಸ್‌ನ ಅಲೆ ಎಚ್ಚರಿಕೆ ನೋಡಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಸಮುದ್ರದಲ್ಲಿ ಮೀನುಗಾರಿಕೆ ನಿಷೇಧ. ನಾಡದೋಣಿಗೆ ವಿನಾಯಿತಿ ಇದೆ, 10 ಎಚ್‌ಪಿ ಒಳಗಿನ ಎಂಜಿನ್‌ಗೂ ಇದೆ. ಆದರೆ ಆ ಎರಡು ತಿಂಗಳು ನದಿ ಕೆಂಪಾಗಿ, ಮರದ ದಿಮ್ಮಿ ತೇಲಿಸಿಕೊಂಡು ಬರುತ್ತೆ. ವಿನಾಯಿತಿ ಇದೆ ಅಂತ ಇಳಿಯೋದು ಬೇಡ.

[ದೃಶ್ಯ: ಪರದೆ ಮೇಲೆ ಈ ವಾರದ ತದಡಿ ಉಬ್ಬರ ಇಳಿತದ ಸಮಯ.]

ನಿಮ್ಮೂರಿನ ಹಿನ್ನೀರು ಯಾವುದು, ಗಂಗೊಳ್ಳಿಯೋ, ಹೊನ್ನಾವರವೋ, ಕಾಳಿಯೋ? ಅಲ್ಲಿ ಉಬ್ಬರ ಬಂದರಿಗಿಂತ ಎಷ್ಟು ತಡ ಅಂತ ಗೊತ್ತಿದ್ದರೆ ಕಾಮೆಂಟಲ್ಲಿ ಊರಿನ ಹೆಸರಿನ ಜೊತೆ ಹಾಕಿ. ಎಲ್ಲವನ್ನೂ ಸೇರಿಸಿ ಒಂದು ಪಟ್ಟಿ ಮಾಡೋಣ.